ರಾಟೆ ಹೊರುವ ಭಾರ ಇಮ್ಮಡಿ: ವಿಂಚ್ ಹಿಡಿಯುವವರಿಗೆ ಹದಿನಾಲ್ಕು ಸೂತ್ರಗಳು

ಮಳೆಗಾಲದ ತೋಟದ ದಾರಿಯಲ್ಲಿ ಜೀಪು ಹೂತುಕೊಂಡರೆ ಎಲ್ಲರ ಕಣ್ಣೂ ಮೊದಲು ಹೋಗುವುದು ವಿಂಚಿನ ಕಡೆಗೆ. ಅದು ಎಷ್ಟು ಪೌಂಡಿನದು, ಹಗ್ಗ ಉಕ್ಕಿನದೋ ಸಿಂಥೆಟಿಕ್ಕೋ, ಮೋಟಾರು ಯಾವುದು, ಎಲ್ಲ ಬಾಯಿಪಾಠ. ಆ ಹಗ್ಗವನ್ನು ಮರಕ್ಕೆ ಸೇರಿಸುವ ಶ್ಯಾಕಲ್ ಎಷ್ಟು ಟನ್ನಿನದು ಎಂದು ಕೇಳಿ ನೋಡಿ. ಅಂಗೈಯಲ್ಲಿಟ್ಟು ತೂಗಿ ನೋಡಿ "ಗಟ್ಟಿಯಾಗೇ ಇದೆ" ಅನ್ನುತ್ತಾರೆ. ಗಟ್ಟಿ ಅನ್ನುವುದು ಅಳತೆಯಲ್ಲ. ವಿಂಚಿನ ಕೆಲಸದಲ್ಲಿ ಜೀವ ಹೋಗುವುದು ಹೆಚ್ಚಾಗಿ ಈ ಸಣ್ಣ ಸಾಮಾನುಗಳಿಂದಲೇ. ಕಿತ್ತು ಬಂದ ಒಂದು ಕಿಲೋ ಉಕ್ಕು ಗುಂಡಿನಂತೆ ಹಾರುತ್ತದೆ. ಮಲೆನಾಡಿನ ಕೆಸರಿನಲ್ಲಿ ಹಲವು ಮಳೆಗಾಲ ಹಗ್ಗ ಹಿಡಿದ ಮೇಲೆ, ಹೊಸದಾಗಿ ವಿಂಚ್ ಹಾಕಿಸಿಕೊಂಡವರಿಗೆ ನಾನು ಹೇಳುವ ಮಾತುಗಳು ಇವು.

1. ಬಾವಿಕಟ್ಟೆಯಿಂದ ಶುರು ಮಾಡಿ

ಹದಿನೈದು ಕಿಲೋ ತೂಗುವ ತುಂಬಿದ ಕೊಡವನ್ನು ರಾಟೆಯ ಮೇಲೆ ಸೇದುತ್ತಿದ್ದೀರಿ ಎಂದುಕೊಳ್ಳಿ. ಹಗ್ಗದ ಒಂದು ತುದಿಯಲ್ಲಿ ಕೊಡ, ಇನ್ನೊಂದು ತುದಿಯಲ್ಲಿ ನಿಮ್ಮ ಕೈ. ಕೊಡ 15 ಕಿಲೋ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ನೀವೂ ಅಷ್ಟೇ ಬಲ ಹಾಕಿ ಕೆಳಕ್ಕೆ ಎಳೆಯುತ್ತೀರಿ. ಹಾಗಾದರೆ ರಾಟೆಯನ್ನು ತೂಗುಹಾಕಿದ ಅಡ್ಡಮರದ ಮೇಲೆ ಬೀಳುವ ಭಾರ ಎಷ್ಟು? ಹದಿನೈದಲ್ಲ, ಮೂವತ್ತು.

ವಿಂಚಿನ ಹಗ್ಗವನ್ನು ಪುಲ್ಲಿಯಲ್ಲಿ ತೂರಿಸಿ ಮತ್ತೆ ಜೀಪಿಗೇ ತಂದು ಕಟ್ಟಿದಾಗಲೂ ಲೆಕ್ಕ ಇದೇ. ಜೀಪಿಗೆ ಇಮ್ಮಡಿ ಬಲ ಸಿಗುತ್ತದೆ ಎಂದು ಖುಷಿಪಡುತ್ತೇವೆ. ಆ ಇಮ್ಮಡಿ ಬಲವನ್ನು ಮರದ ಬುಡದಲ್ಲಿ ಹಿಡಿದು ನಿಂತಿರುವುದು ಪುಲ್ಲಿ, ಅದರ ಹಿಂದಿನ ಶ್ಯಾಕಲ್ ಮತ್ತು ಮರಕ್ಕೆ ಸುತ್ತಿದ ಬೆಲ್ಟ್. ಇದನ್ನು ಮನಸ್ಸಿಗೆ ತಂದುಕೊಂಡವರಿಗೆ ಮುಂದಿನದೆಲ್ಲ ಸುಲಭ.

2. ಶ್ಯಾಕಲ್ ಮೇಲಿನ ಅಂಕಿಯನ್ನು ಓದಿ. ಅಂಕಿಯೇ ಇಲ್ಲದಿದ್ದರೆ ಕೊಳ್ಳಬೇಡಿ

ಒಳ್ಳೆಯ ಶ್ಯಾಕಲ್‌ನ ಮೈಮೇಲೆ ಉಬ್ಬಚ್ಚಿನಲ್ಲಿ ಮೂರು ನಾಲ್ಕು ಗುರುತುಗಳಿರುತ್ತವೆ: ತಯಾರಕರ ಹೆಸರು ಅಥವಾ ಮುದ್ರೆ, ಅಳತೆ, ತಯಾರಿಯ ಕೋಡ್, ಮತ್ತು ಡಬ್ಲ್ಯುಎಲ್‌ಎಲ್ ಎಂಬ ಅಕ್ಷರಗಳ ಪಕ್ಕದಲ್ಲಿ ಒಂದು ಅಂಕಿ. ವರ್ಕಿಂಗ್ ಲೋಡ್ ಲಿಮಿಟ್ ಎನ್ನುವುದರ ಚುಟುಕು ರೂಪ ಅದು. ದಿನವೂ ಹೊರಿಸಬಹುದಾದ ಭಾರದ ಮೇಲ್ಮಿತಿ ಎಂದರ್ಥ.

ಬಾಯಿಪಾಠ ಮಾಡಬೇಕಾದ್ದು ಇಷ್ಟೇ. ಬಿಲ್ಲಿನಾಕಾರದ ಸಾಮಾನ್ಯ ಶ್ಯಾಕಲ್‌ಗಳಲ್ಲಿ 13 ಮಿ.ಮೀ.ನದು 2 ಟನ್, 16 ಮಿ.ಮೀ.ನದು 3.25 ಟನ್, 19 ಮಿ.ಮೀ.ನದು 4.75 ಟನ್, 22 ಮಿ.ಮೀ.ನದು 6.5 ಟನ್, 25 ಮಿ.ಮೀ.ನದು 8.5 ಟನ್, 28 ಮಿ.ಮೀ.ನದು 9.5 ಟನ್. ಅಂಗಡಿಯಲ್ಲಿ ಮುಕ್ಕಾಲಿಂಚಿನದು ಎಂದು ಕೇಳಿ ತರುವುದು 19 ಮಿ.ಮೀ.ನದನ್ನು. ಈ ಅಳತೆ ಶ್ಯಾಕಲ್‌ನ ಬಾಗಿದ ಮೈಯದು. ಪಿನ್ ಅದಕ್ಕಿಂತ ಒಂದು ಅಳತೆ ದಪ್ಪ ಇರುತ್ತದೆ. ಪಿನ್ನಿಗೆ ಕ್ಯಾಲಿಪರ್ ಹಿಡಿದು 22 ಮಿ.ಮೀ. ಎಂದು ಓದಿ, 6.5 ಟನ್ನಿನದು ಸಿಕ್ಕಿತು ಎಂದು ತಂದುಕೊಂಡವರಿದ್ದಾರೆ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಒಂದೇ ಬಣ್ಣ, ಒಂದೇ ಗಾತ್ರದ ಎರಡು ಶ್ಯಾಕಲ್‌ಗಳು ಪಕ್ಕಪಕ್ಕದಲ್ಲೇ ತೂಗಾಡುತ್ತಿರುತ್ತವೆ. ಒಂದರ ಬೆಲೆ ಇನ್ನೊಂದರ ಅರ್ಧ. ಎರಡನ್ನೂ ತಿರುಗಿಸಿ ನೋಡಿ. ಕಡಿಮೆ ಬೆಲೆಯದರ ಮೈ ನುಣ್ಣಗೆ, ಬೋಳಾಗಿದ್ದರೆ ಅದು ಗೇಟಿಗೆ ಸರಪಳಿ ಹಾಕುವವರ ಸಾಮಾನು. ಅಲ್ಲೇ ಬಿಟ್ಟು ಬನ್ನಿ.

3. ಎರಡು ಜಾತಿಯ ಟನ್‌ಗಳನ್ನು ಬೆರೆಸಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಉಕ್ಕಿನ ಶ್ಯಾಕಲ್ ಮೇಲೆ ಬರೆದಿರುವುದು ಕೆಲಸದ ಭಾರ. ಮುರಿಯುವ ಭಾರ ಅದರ ಐದಾರು ಪಟ್ಟು ಇರುತ್ತದೆ. 4.75 ಟನ್ ಎಂದು ಬರೆದ, ಆರು ಪಟ್ಟಿನ ಲೆಕ್ಕದಲ್ಲಿ ಮಾಡಿದ ಶ್ಯಾಕಲ್ ಮುರಿಯಲು ಇಪ್ಪತ್ತೆಂಟು ಟನ್ ಬೇಕು. ಬಟ್ಟೆಯ ಬೆಲ್ಟು, ಸಿಂಥೆಟಿಕ್ ಹಗ್ಗ, ಹಗ್ಗದಿಂದಲೇ ಹೆಣೆದ ಸಾಫ್ಟ್ ಶ್ಯಾಕಲ್ ಇವುಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದು ಮುರಿಯುವ ಭಾರ.

ಹಾಗಾಗಿ "ಉಕ್ಕಿನದು ನಾಲ್ಕು ಮುಕ್ಕಾಲು ಟನ್, ಸಾಫ್ಟ್ ಶ್ಯಾಕಲ್ 15 ಟನ್, ಮೂರು ಪಟ್ಟು ಗಟ್ಟಿ" ಅನ್ನುವ ಮಾತು ತಲೆಕೆಳಗು. ಆ 15 ಟನ್ನನ್ನು ಐದರಿಂದ ಭಾಗಿಸಿ, ಉಳಿಯುವುದು 3 ಟನ್. ಸಾಫ್ಟ್ ಶ್ಯಾಕಲ್ ಹಗುರ, ಕಿತ್ತರೂ ಉಕ್ಕಿನಷ್ಟು ಭಯಂಕರವಾಗಿ ಹಾರುವುದಿಲ್ಲ, ನಾನೂ ಬಳಸುತ್ತೇನೆ. ಲೆಕ್ಕ ಮಾತ್ರ ಸರಿಯಾಗಿರಲಿ. ಪೊಟ್ಟಣದ ಮೇಲೆ ಎರಡರಲ್ಲಿ ಯಾವ ಭಾರ ಎಂದು ಬರೆದೇ ಇಲ್ಲದಿದ್ದರೆ ಅದನ್ನು ಮುರಿಯುವ ಭಾರ ಎಂದೇ ಹಿಡಿಯಿರಿ.

4. ಜೀಪಿನ ತೂಕ ನೋಡಿ ಸಾಮಾನು ಆರಿಸಬೇಡಿ, ವಿಂಚಿನ ಬಲ ನೋಡಿ ಆರಿಸಿ

"ನನ್ನದು ಜಿಪ್ಸಿ, ಒಂದೇ ಟನ್, ಇಷ್ಟು ದಪ್ಪದ ಶ್ಯಾಕಲ್ ಯಾಕೆ?" ಎಂದು ಕೇಳುತ್ತಾರೆ. ಚಕ್ರ ಬಂಡೆಗೆ ಒತ್ತಿಕೊಂಡು ಜಿಪ್ಸಿ ಕದಲಲೇ ಇಲ್ಲ ಎನ್ನಿ. ವಿಂಚಿಗೆ ಅದು ಗೊತ್ತಾಗುವುದಿಲ್ಲ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ತನ್ನ ಪೂರ್ತಿ ಬಲ ಹಾಕುತ್ತದೆ. 9,500 ಪೌಂಡಿನ ವಿಂಚ್ ಎಂದರೆ 4.3 ಟನ್, 12,000 ಪೌಂಡಿನದು ಎಂದರೆ 5.4 ಟನ್. ಆ ಬಲವನ್ನು ಹಗ್ಗದ ತುದಿಯಿಂದ ಮರದವರೆಗಿನ ಪ್ರತಿಯೊಂದು ಕೊಂಡಿಯೂ ತಾಳಬೇಕು.

ಇನ್ನೊಂದು ಸೂಕ್ಷ್ಮ ಇದೆ. ವಿಂಚಿನ ಮೇಲೆ ಬರೆದ ಬಲ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಿರುವಾಗ. ಮೇಲೆ ಒಂದೊಂದು ಪದರ ಸುತ್ತಿದಂತೆ ಬಲ ಹತ್ತನೇ ಒಂದು ಪಾಲಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ಇಳಿಯುತ್ತದೆ. ಪುಲ್ಲಿ ಹಾಕಿದಾಗ ಹಗ್ಗ ಹೋಗಿ ವಾಪಸು ಬರಬೇಕಲ್ಲ, ಡ್ರಮ್ಮು ಹೆಚ್ಚುಕಮ್ಮಿ ಖಾಲಿಯಾಗುತ್ತದೆ, ವಿಂಚ್ ತನ್ನ ಪೂರ್ತಿ ಬಲಕ್ಕೆ ಬರುತ್ತದೆ. ಅಂದರೆ ಪುಲ್ಲಿಯ ಮೇಲೆ ಇಮ್ಮಡಿ ಭಾರ ಬೀಳುವ ಹೊತ್ತಿಗೇ ವಿಂಚ್ ಅತಿ ಬಲವಾಗಿ ಎಳೆಯುತ್ತಿರುತ್ತದೆ. ಡ್ರಮ್ಮು ಖಾಲಿಯಾಗುತ್ತದೆ ಎಂದು ಪೂರ್ತಿ ಬಿಚ್ಚಬೇಡಿ. ಉಕ್ಕಿನ ಹಗ್ಗವಾದರೆ ಐದು ಸುತ್ತು, ಸಿಂಥೆಟಿಕ್ ಆದರೆ ಹತ್ತು ಸುತ್ತು ಉಳಿದಿರಲೇಬೇಕು.

5. ಕೋನದ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದೊಳಗೆ ಬರೆದಿಡಿ

ಪುಲ್ಲಿಯ ಎರಡು ಕಡೆಯ ಹಗ್ಗಗಳ ನಡುವಿನ ಕೋನ ಅಗಲವಾದಂತೆ ಪುಲ್ಲಿಯ ಮೇಲಿನ ಭಾರ ಇಳಿಯುತ್ತದೆ. ಎರಡು ಹಗ್ಗವೂ ಜೋಡೆತ್ತಿನಂತೆ ಒತ್ತೊತ್ತಾಗಿ ಹೋದರೆ 2 ಪಟ್ಟು. 60 ಡಿಗ್ರಿ ಇದ್ದರೆ 1.73 ಪಟ್ಟು. 90 ಡಿಗ್ರಿಗೆ 1.41. 120 ಡಿಗ್ರಿಗೆ ಸರಿಯಾಗಿ ಒಂದು ಪಟ್ಟು.

4.3 ಟನ್ನಿನ ವಿಂಚಿಗೆ ಇದನ್ನು ಹಾಕಿ ನೋಡಿ: 8.6 ಟನ್, 7.4 ಟನ್, 6.1 ಟನ್, 4.3 ಟನ್. ದಾರಿ ತಿರುವಿನಲ್ಲಿದೆ, ನೇರ ಮುಂದೆ ಮರ ಇಲ್ಲ, ಪಕ್ಕದ ಮರಕ್ಕೆ ಪುಲ್ಲಿ ಕಟ್ಟಿ ಹಗ್ಗದ ದಿಕ್ಕು ಬದಲಿಸಿ ಎಳೆಯುತ್ತೀರಿ ಎನ್ನಿ. ಆಗ ಎಳೆತದ ಬಲವೇನೂ ಹೆಚ್ಚುವುದಿಲ್ಲ. ಬರೀ ತಿರುವು ತಾನೇ ಎಂದು ಸಣ್ಣ ಶ್ಯಾಕಲ್ ಹಾಕುವುದು ರೂಢಿ. ಮೂಲೆಮಟ್ಟ ತಿರುಗಿಸಿದರೂ ಆ ಶ್ಯಾಕಲ್ ಆರು ಟನ್ ದಾಟಿ ಹೊರುತ್ತಿರುತ್ತದೆ.

ನಾನು ಈ ನಾಲ್ಕು ಸಾಲನ್ನು ಪೇಂಟ್ ಮಾರ್ಕರಿನಲ್ಲಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬರೆದಿದ್ದೇನೆ. ಮಳೆ ಸುರಿಯುತ್ತಿರುವಾಗ, ಕತ್ತಲಾಗುತ್ತಿರುವಾಗ, ನಾಲ್ಕು ಜನ ನಾಲ್ಕು ಸಲಹೆ ಕೊಡುತ್ತಿರುವಾಗ ಯಾರಿಗೂ ಗುಣಾಕಾರ ಬರುವುದಿಲ್ಲ.

6. ದಪ್ಪನೆಯದು ಮರಕ್ಕೆ, ಸಣ್ಣದು ಜೀಪಿಗೆ

ಬಹಳ ಜೀಪುಗಳಲ್ಲಿ ಇದು ಉಲ್ಟಾ ಇರುತ್ತದೆ. ಚೆಂದ ಕಾಣಲಿ ಎಂದು ಬಂಪರಿಗೆ ದಪ್ಪ ಕೆಂಪು ಶ್ಯಾಕಲ್ ಸಿಕ್ಕಿಸಿ, ಮರಕ್ಕೆ ಹಾಕುವಾಗ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದನ್ನು ತೆಗೆಯುತ್ತಾರೆ. ಹಗ್ಗವನ್ನು ವಾಪಸು ತಂದು ಜೀಪಿಗೆ ಸಿಕ್ಕಿಸುವ ಜಾಗದಲ್ಲಿ ಬೀಳುವುದು ಹಗ್ಗದ ಬಲ ಮಾತ್ರ, 4.3 ಟನ್. ಅಲ್ಲಿಗೆ 4.75 ಟನ್ನಿನ 19 ಮಿ.ಮೀ. ಶ್ಯಾಕಲ್ ಸಾಕು. ಮರದ ಬುಡದಲ್ಲಿ 8.6 ಟನ್. 25 ಮಿ.ಮೀ.ನದೂ ಅಲ್ಲಿಗೆ ಕೂದಲೆಳೆಯಷ್ಟು ಕಡಿಮೆಯೇ. ಸರಿಯಾಗಿ ಹೊಂದುವುದು 28 ಮಿ.ಮೀ.ನದು.

"ಇಷ್ಟು ವರ್ಷ ಮುಕ್ಕಾಲಿಂಚಿನದನ್ನೇ ಹಾಕಿದೀನಿ, ಏನೂ ಆಗಿಲ್ಲ" ಎನ್ನುವವರ ಮಾತು ಸುಳ್ಳಲ್ಲ. ಇಪ್ಪತ್ತೆಂಟು ಟನ್ನಿಗೆ ಮುರಿಯುವ ವಸ್ತು ಎಂಟೂವರೆಗೆ ಮುರಿಯುವುದಿಲ್ಲ. ಆದರೆ ಆರು ಪಟ್ಟಿನ ಅಂತರ ಅಲ್ಲಿ ಮೂರು ಪಟ್ಟು ಚಿಲ್ಲರೆಗೆ ಇಳಿದಿರುತ್ತದೆ. ತುಕ್ಕು, ಸವೆತ, ಓರೆ ಎಳೆತ, ಜರ್ಕು ಎಲ್ಲ ಆ ಉಳಿದ ಅಂತರವನ್ನೇ ತಿನ್ನಬೇಕು. ತಯಾರಕರು ಆರು ಪಟ್ಟು ಇಟ್ಟಿದ್ದು ಅದನ್ನು ನಾವು ಖರ್ಚು ಮಾಡಲಿ ಎಂದಲ್ಲ.

7. ಎಳೆಯುವ ಮುನ್ನ ಕೆಸರನ್ನು ಅಳೆಯಿರಿ

ಅಮೆರಿಕದ ಸೇನೆಯ ವಾಹನ ರಿಕವರಿ ಕೈಪಿಡಿಗಳಲ್ಲಿ ಒಂದು ಸರಳ ಲೆಕ್ಕವಿದೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ಗಾಡಿಯ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡ್ ಮಟ್ಟಕ್ಕಾದರೆ ತೂಕದ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕಾದರೆ ಮೂರು ಪಟ್ಟು. ಏರು ಇದ್ದರೆ ಅದನ್ನೂ ಸೇರಿಸಿ: 15 ಡಿಗ್ರಿ ಏರಿಗೆ ತೂಕದ ಕಾಲು ಭಾಗ, 30 ಡಿಗ್ರಿಗೆ ಅರ್ಧ. ಸಾಮಾನು ತುಂಬಿ 2.2 ಟನ್ ತೂಗುವ ಥಾರ್ ಮಡ್‌ಗಾರ್ಡ್ ಮಟ್ಟಕ್ಕೆ ಹೂತು, 15 ಡಿಗ್ರಿ ಏರಿನಲ್ಲಿ ನಿಂತಿದ್ದರೆ ಸುಮಾರು ಐದು ಟನ್ ಬೇಕು. 4.3 ಟನ್ನಿನ ವಿಂಚ್ ಒಂಟಿ ಎಳೆಯಲ್ಲಿ ಅದನ್ನು ತರಲಾರದು, ಪುಲ್ಲಿ ಬೇಕೇ ಬೇಕು.

ಅದಕ್ಕೂ ಮೊದಲು ಗುದ್ದಲಿ ತೆಗೆಯಿರಿ. ಚಕ್ರದ ಮುಂದಿನ ಮಣ್ಣನ್ನು ಹತ್ತು ನಿಮಿಷ ಅಗೆದರೆ ಟನ್‌ಗಟ್ಟಲೆ ಭಾರ ಇಳಿಯುತ್ತದೆ. ವಿಂಚ್ ಇದ್ದವರು ಗುದ್ದಲಿ ಮರೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

8. ಪಿನ್ ಕಳೆದರೆ ಶ್ಯಾಕಲ್ ಸತ್ತಂತೆ

ಕೆಲವು ವರ್ಷದ ಹಿಂದೆ ಸಕಲೇಶಪುರದ ಕಡೆಯ ಒಂದು ತೋಟ. ಜುಲೈ ತಿಂಗಳು, ಬೆಳಗಿನಿಂದ ಬಿಡದ ಮಳೆ. ಮರಕ್ಕೆ ಬೆಲ್ಟ್ ಸುತ್ತಿ ಶ್ಯಾಕಲ್ ತೆರೆದಾಗ ಒದ್ದೆ ಗ್ಲೌಸಿನಿಂದ ಪಿನ್ ಜಾರಿ ಕೆಸರಿಗೆ ಬಿತ್ತು. ಇಬ್ಬರು ಮೊಣಕೈವರೆಗೆ ಕೈ ಹಾಕಿ ಹುಡುಕಿದರೂ ಸಿಗಲಿಲ್ಲ. ತೋಟದ ಡ್ರೈವರ್ ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಒಂದು ಬೋಲ್ಟ್ ತಂದರು. "ಇದನ್ನೇ ಹಾಕಣ್ಣ, ಏನೂ ಆಗಲ್ಲ." ತೂತಿನಲ್ಲಿ ಸುಲಭವಾಗಿ ಹೋಯಿತು, ಹಿಂದೆ ನಟ್ಟೂ ಕೂತಿತು. ನಾನು ಒಪ್ಪಿದೆ. ಒಪ್ಪಬಾರದಿತ್ತು.

ಜೀಪು ಮೇಲೆ ಬಂತು. ಬಿಚ್ಚಲು ಹೋದರೆ ಬೋಲ್ಟ್ ಹೊರಗೆ ಬರಲಿಲ್ಲ. ಬಾಳೆಕಾಯಿಯ ಹಾಗೆ ನಡುವೆ ಬಾಗಿ ಎರಡು ತೂತುಗಳ ಮಧ್ಯೆ ಸಿಕ್ಕಿಕೊಂಡಿತ್ತು. ಹ್ಯಾಕ್ಸಾ ತಂದು ಕೊಯ್ಯಬೇಕಾಯಿತು. ಕೊಯ್ದ ತುಂಡನ್ನು ತೊಳೆದು ನೋಡಿದಾಗ ಬಾಗಿದ ಹೊರಮೈಯಲ್ಲಿ ತಿರುಪಿನ ಗೆರೆಗಳುದ್ದಕ್ಕೂ ಸಣ್ಣ ಸಣ್ಣ ಬಿರುಕುಗಳು ಬಾಯಿ ಬಿಟ್ಟಿದ್ದವು. ಆ ಎಳೆತ ಇನ್ನೊಂದು ಮಾರು ಉದ್ದ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಆ ಬಿರುಕಿನಲ್ಲೇ ಬರೆದಿತ್ತು. ಹಗ್ಗದ ಆಚೆ ತುದಿಗೆ, ಜೀಪಿನ ಸ್ಟಿಯರಿಂಗ್ ಹಿಂದೆ, ನನ್ನ ತಮ್ಮ ಕೂತಿದ್ದ.

ಶ್ಯಾಕಲ್‌ನ ಪಿನ್ ಗಟ್ಟಿಗೊಳಿಸಿದ ಮಿಶ್ರಲೋಹದ ಉಕ್ಕು, ತೂತಿಗೆ ತಕ್ಕಂತೆ ಬಿಗಿಯಾಗಿ ಕೂರುವ ಅಳತೆಯದು. ಸಡಿಲವಾಗಿ ಹೋಗುವ ಬೋಲ್ಟ್ ಅದರ ಜಾಗ ತುಂಬುವುದಿಲ್ಲ. ಈಗ ಪ್ರತಿ ಪಿನ್ನನ್ನೂ ಅದರದೇ ಶ್ಯಾಕಲ್‌ಗೆ ಸಣ್ಣ ದಾರದಿಂದ ಕಟ್ಟಿಡುತ್ತೇನೆ. ಒಂದು ಶ್ಯಾಕಲ್‌ನ ಪಿನ್ ಇನ್ನೊಂದಕ್ಕೆ ಹಾಕುವುದಿಲ್ಲ. ಪಿನ್ ಹೋದ ಶ್ಯಾಕಲ್ ಗುಜರಿಗೆ.

ಪಿನ್ ಬಗ್ಗೆ ಇನ್ನೆರಡು ಮಾತು. ಪೂರ್ತಿ ತಿರುಗಿಸಿ, ಅದರ ಭುಜ ಶ್ಯಾಕಲ್‌ಗೆ ತಾಗುವವರೆಗೆ. ಕಾಲು ಸುತ್ತು ಸಡಿಲ ಬಿಡಬೇಕು ಎನ್ನುವ ಮಾತು ನಮ್ಮವರಲ್ಲಿ ಬಹಳ ಓಡಾಡುತ್ತದೆ, ತಯಾರಕರು ಹೇಳುವುದು ಪೂರ್ತಿ ಕೂರಿಸಿ ಎಂದೇ. ಓಡುವ ಹಗ್ಗ ಪಿನ್ನಿಗೆ ಉಜ್ಜುವಂತೆ ಎಂದೂ ಹಾಕಬೇಡಿ. ಹಗ್ಗ ಸರಿಯುತ್ತಾ ಪಿನ್ನನ್ನು ತಿರುಗಿಸಿ ಬಿಚ್ಚಿಬಿಡುತ್ತದೆ.

9. ಓರೆ ಎಳೆತಕ್ಕೆ ಅಂಕಿಯನ್ನು ಕಡಿತ ಮಾಡಿ

ಶ್ಯಾಕಲ್ ಮೇಲಿನ ಅಂಕಿ ನೇರ ಎಳೆತಕ್ಕೆ ಮಾತ್ರ. 45 ಡಿಗ್ರಿ ಓರೆಯಾದರೆ ನೂರಕ್ಕೆ 70 ಭಾಗ ಉಳಿಯುತ್ತದೆ, ಪೂರ್ತಿ ಅಡ್ಡವಾದರೆ ಅರ್ಧ. 4.75 ಟನ್ನಿನದು ಅಡ್ಡ ಎಳೆತದಲ್ಲಿ 2.4 ಟನ್ನಿಗೂ ಚೂರು ಕಡಿಮೆ. ಬಂಪರಿಗೆ ಸಿಕ್ಕಿಸಿದ ಶ್ಯಾಕಲ್ ಪಕ್ಕಕ್ಕೆ ವಾಲಿಕೊಂಡೇ ಎಳೆಸಿಕೊಳ್ಳುತ್ತಿದ್ದರೆ ನಿಲ್ಲಿಸಿ, ಸರಿಪಡಿಸಿ, ಆಮೇಲೆ ಎಳೆಯಿರಿ.

10. ಪುಲ್ಲಿ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ

"ಇದರ ಮೇಲೆ ಬರೆದ ಟನ್ ಹಗ್ಗದ್ದೋ, ಕೊಂಡಿಯದ್ದೋ?" ಕೈಗಾರಿಕೆಗಳಿಗೆ ಸ್ನ್ಯಾಚ್ ಬ್ಲಾಕ್ ಎಂಬ ಈ ಪುಲ್ಲಿಗಳನ್ನು ಮಾಡುವ ನುರಿತ ತಯಾರಕರು ಬರೆಯುವುದು ಪುಲ್ಲಿಯ ಕೊಂಡಿ ತಾಳುವ ಒಟ್ಟು ಭಾರವನ್ನು. ಅಂದರೆ 8 ಟನ್ನಿನ ಬ್ಲಾಕಿನಲ್ಲಿ ಜೋಡಿ ಎಳೆಯಾದರೆ ಹಗ್ಗದಲ್ಲಿ 4 ಟನ್ ಮಾತ್ರ ಇರಬಹುದು. ಜೀಪಿನ ಸಾಮಾನು ಮಾರುವ ಕಡೆ ಸಿಗುವುದರ ಮೇಲೆ ಎಷ್ಟೋ ಸಲ ಮುರಿಯುವ ಭಾರ ಬರೆದಿರುತ್ತದೆ. ಉತ್ತರ ಸಿಗದಿದ್ದರೆ ಕಡಿಮೆ ಅರ್ಥವನ್ನೇ ಹಿಡಿಯಿರಿ.

ಚಕ್ರದ ಕಾಲುವೆ ಹಗ್ಗದ ದಪ್ಪಕ್ಕೆ ಹೊಂದಬೇಕು. ಚಕ್ರ ದೊಡ್ಡದಾಗಿದ್ದಷ್ಟೂ ಒಳ್ಳೆಯದು. ತನ್ನಷ್ಟೇ ದಪ್ಪದ ಪಿನ್ನಿನ ಮೇಲೆ ಬಾಗಿದ ಉಕ್ಕಿನ ಹಗ್ಗ ತನ್ನ ಶಕ್ತಿಯಲ್ಲಿ ಅರ್ಧ ಕಳೆದುಕೊಳ್ಳುತ್ತದೆ. ಅದಕ್ಕೇ ಹಗ್ಗವನ್ನು ಮರಕ್ಕೆ ಸುತ್ತಿ ಅದರ ಹುಕ್ಕನ್ನು ಅದರದೇ ಎಳೆಗೆ ಸಿಕ್ಕಿಸಬಾರದು. ಉಕ್ಕಿನ ಹಗ್ಗ ಓಡಿಸಿದ ಹಳೆಯ ಪುಲ್ಲಿಗೆ ಸಿಂಥೆಟಿಕ್ ಹಗ್ಗ ಹಾಕುವ ಮುನ್ನ ಕಾಲುವೆಯೊಳಗೆ ಬೆರಳಾಡಿಸಿ. ಒಂದು ಸಣ್ಣ ಮುಳ್ಳು ತಾಗಿದರೂ ಹಗ್ಗಕ್ಕೆ ಅದು ಚಾಕು.

11. ಮರ ಆರಿಸುವುದು

ಬೇರು ಗಟ್ಟಿಯಿರುವ, ಜೀವಂತ ಮರ, ಬುಡಕ್ಕೆ ಹತ್ತಿರ ಬೆಲ್ಟ್. ಎತ್ತರಕ್ಕೆ ಕಟ್ಟಿದಷ್ಟೂ ಮರ ಬುಡಮೇಲಾಗುವ ಅಪಾಯ ಹೆಚ್ಚು, ಮಳೆಗಾಲದ ಸಡಿಲ ಮಣ್ಣಿನಲ್ಲಂತೂ. ಸರಪಳಿ, ಬರಿಯ ಉಕ್ಕಿನ ಹಗ್ಗ ಬೇಡ, ತೊಗಟೆ ಸೀಳಿ ಮರ ಸಾಯುತ್ತದೆ. ಕಾಫಿ ತೋಟದಲ್ಲಿ ಕೈಗೆ ಮೊದಲು ಸಿಗುವುದು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಅದನ್ನು ಬಿಟ್ಟು ಹತ್ತು ಹೆಜ್ಜೆ ಆಚೆಯ ಹಲಸನ್ನೋ ನಂದಿಯನ್ನೋ ಹುಡುಕಿ. ವರ್ಷಗಟ್ಟಲೆ ಬೆಳೆಸಿದ ಬಳ್ಳಿ ಬೆಲ್ಟಿನ ಒಂದು ಎಳೆತಕ್ಕೆ ಜಜ್ಜಿಹೋಗುತ್ತದೆ. ಬೆಲ್ಟಿನ ಎರಡೂ ಕಿವಿಗಳು ಶ್ಯಾಕಲ್‌ನ ಬಿಲ್ಲಿನೊಳಗೆ ಕೂರಲಿ, ಅವುಗಳ ನಡುವಿನ ಕೋನ 120 ಡಿಗ್ರಿ ದಾಟದಿರಲಿ. ಬೆಲ್ಟ್ ಗಿಡ್ಡವಾಗಿ ಮರವನ್ನು ಅಪ್ಪಿ ಹಿಡಿದಂತಿದ್ದರೆ ಉದ್ದದ್ದು ತನ್ನಿ.

12. ಹಗ್ಗದ ಮಡಿಲಲ್ಲಿ ಯಾರೂ ನಿಲ್ಲಬಾರದು

ಪುಲ್ಲಿಯ ಬಳಿ ಹಗ್ಗ ಮಡಚಿ ಬಾಣದ ತುದಿಯಾಕಾರ ಮಾಡುತ್ತದಲ್ಲ, ಅದರ ಒಳಗಿನ ಜಾಗ ಸಾವಿನ ಜಾಗ. ಮರದ ಬುಡದ ಶ್ಯಾಕಲ್ ಕಿತ್ತರೆ ಪುಲ್ಲಿ ಹಾರುವುದು ಅದರೊಳಕ್ಕೇ. ನೋಡಲು ಬಂದ ಮಕ್ಕಳು, ಮೊಬೈಲ್ ಹಿಡಿದವರು ಸರಿಯಾಗಿ ಅಲ್ಲೇ ಬಂದು ನಿಲ್ಲುತ್ತಾರೆ. ಎಳೆಯುವ ಮುನ್ನ ಒಬ್ಬರನ್ನು ಜನ ಸರಿಸುವುದಕ್ಕೇ ನಿಲ್ಲಿಸಿ. ಹಗ್ಗದ ಮೇಲೆ ಒದ್ದೆ ಗೋಣಿಚೀಲವೋ ಕಂಬಳಿಯೋ ಇರಲಿ. ಹಗ್ಗ ಬಿಗಿಯಾದ ಮೇಲೆ ಯಾರೂ ಅದನ್ನು ದಾಟಬಾರದು, ಮುಟ್ಟಲೂಬಾರದು.

13. ಟೋ ಬಾಲ್‌ಗೆ ಎಂದೂ ಕಟ್ಟಬೇಡಿ

ಟ್ರೇಲರ್ ಎಳೆಯುವ ಆ ಗುಂಡು ರಿಕವರಿಗೆ ಮಾಡಿದ್ದಲ್ಲ. ಕಿತ್ತು ಹಾರಿ ಜನರನ್ನು ಕೊಂದಿದೆ. ಹಾಗೇ ಎರಡು ಬೆಲ್ಟುಗಳ ನಡುವೆ ಉಕ್ಕಿನ ಶ್ಯಾಕಲ್ ಹಾಕಿ ಜೋಡಿಸಬೇಡಿ. ಜರ್ಕು ಕೊಟ್ಟು ಎಳೆಯುವ ಹಿಗ್ಗುವ ಹಗ್ಗವನ್ನು ಪುಲ್ಲಿಯ ಜೊತೆ ಸೇರಿಸಬೇಡಿ. ಈ ಸೂತ್ರಗಳ ಎಲ್ಲ ಅಂಕಿಗಳೂ ನಿಧಾನವಾದ, ಒಂದೇ ಸಮನಾದ ಎಳೆತಕ್ಕೆ.

14. ಮನೆಗೆ ಬಂದ ಮೇಲೆ

ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಮೈ ಅಥವಾ ಪಿನ್ ಮೂಲ ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆದಿದ್ದರೆ ಅದರ ಕೆಲಸ ಮುಗಿಯಿತು. 19 ಮಿ.ಮೀ.ನದು 17ಕ್ಕೆ ಇಳಿದಿದ್ದರೆ ಎರಡನೇ ಮಾತಿಲ್ಲ. ಪಿನ್ ಬೆರಳಲ್ಲಿ ಸಲೀಸಾಗಿ ತಿರುಗದಿದ್ದರೆ ಎಲ್ಲೋ ಬಾಗಿದೆ. ಬಾಯಿ ತುಸು ಅಗಲವಾಗಿದ್ದರೂ ಹಾಗೇ. ಬೆಂಕಿಗೆ ಹಿಡಿದು ನೆಟ್ಟಗೆ ಮಾಡುತ್ತೇನೆ, ವೆಲ್ಡಿಂಗ್ ಮಾಡಿಸುತ್ತೇನೆ ಎಂದು ಹೊರಡಬೇಡಿ. ಉಕ್ಕಿಗೆ ಕೊಟ್ಟ ಹದ ಹೋಗಿಬಿಡುತ್ತದೆ.

ತೆಗೆದುಹಾಕಿದ ಶ್ಯಾಕಲ್ ಅನ್ನು ಹಾಗೇ ಮೂಲೆಗೆ ಎಸೆಯಬೇಡಿ. ಮುಂದಿನ ಮಳೆಗಾಲದಲ್ಲಿ ಯಾರೋ ಅವಸರದಲ್ಲಿ ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ಗ್ರೈಂಡರ್ ಹಿಡಿದು ಬಿಲ್ಲಿನ ನಡುವೆ ಎರಡು ತುಂಡು ಮಾಡಿ, ಆಮೇಲೆ ಗುಜರಿ ಚೀಲಕ್ಕೆ ಹಾಕಿ.